ಬೆನ್ನ ಮೇಲಿನ ಮಟ್ಟಿ

ಕಾವೇರಿ ದಂಡೆಯ ಆ ಗರಡಿ ಮನೆಯಲ್ಲಿ ಕುಸ್ತಿ ಕಲಿಯುತ್ತಿದ್ದವರಲ್ಲಿ ಕ್ರೈಸ್ತ ಅಂದರೆ ಇನ್ನಾಸಿ ಒಬ್ಬನೇ. ಕಲಿಸುತ್ತಿದ್ದ ವಸ್ತಾದ್ ಚೌರಪ್ಪನವರೂ ಕ್ರೈಸ್ತರೇ. ಆದರೆ ಅವರು ಧರ್ಮದ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವರಿಗೆ ಮಾತೇ ಕಡಿಮೆ, ಬೈಗುಳ ಮಾತ್ರ ಧಾರಾಳ.

ದೊಡ್ಡ ಪಂದ್ಯದ ಬೆಳಿಗ್ಗೆ ಇನ್ನಾಸಿ ಕೇಳಿದ.

"ವಸ್ತಾದ್ರೇ, ಇಲ್ಲಿ ಗೆದ್ರೆ ಸಾಕು, ಹೆಂಗೆ ಗೆದ್ದೆ ಅಂತ ಯಾರೂ ಕೇಳಲ್ಲ. ಇಂಥೋರ ಮಧ್ಯೆ ನಾನು ಯೇಸುಸ್ವಾಮಿಯೋನು ಅಂತ ಹೆಂಗೆ ತೋರಿಸ್ಲಿ?"

"ಹೋಗಿ ಮಟ್ಟಿ ಅಗೀ," ಅಂದರು ವಸ್ತಾದರು.

ಇನ್ನಾಸಿ ಗುದ್ದಲಿ ಹಿಡಿದು ಅಖಾಡದ ಮಟ್ಟಿಯನ್ನು, ಆ ಕೆಂಪು ಮಣ್ಣನ್ನೆಲ್ಲ, ಅಗೆದು ಸಡಿಲ ಮಾಡಿದ. ಅಗೆಯುತ್ತಾ ಉತ್ತರವನ್ನು ತಾನೇ ಕಂಡುಕೊಂಡ.

ಮಧ್ಯಾಹ್ನ ಅಖಾಡದ ನಡುವೆ ನಿಂತು, ಕೊನೆಯ ಸಾಲಿನವನಿಗೂ ಕಾಣುವಂತೆ, ದೊಡ್ಡದಾಗಿ ಶಿಲುಬೆ ಗುರುತು ಹಾಕಿಕೊಂಡ. ಗುರುಗಳತ್ತ ನೋಡಿದ. ಅವರು ನಶ್ಯದ ಡಬ್ಬಿ ಹುಡುಕುತ್ತಿದ್ದರು.

ಎದುರಾಳಿ ಪಕ್ಕದೂರಿನ ಸಿದ್ದರಾಜು. ಇಬ್ಬರೂ ಸಮಸಮ. ತಮಟೆ ಏರಿತು. ಜನ ಎದ್ದು ನಿಂತರು.

"ಹಿಡಿ! ಎತ್ತು! ಬಿಡಬ್ಯಾಡ!"

ಸಿದ್ದರಾಜು ಎತ್ತಿಯೇಬಿಟ್ಟ. ಇನ್ನಾಸಿ ದೊಪ್ಪನೆ ಬಿದ್ದ. ಕುಸ್ತಿಯಲ್ಲಿ ಯಾರ ಎರಡೂ ಭುಜ ನೆಲ ಮುಟ್ಟಿದವೋ ಅವನು ಚಿತ್, ಸೋತಂತೆ. ಇನ್ನಾಸಿಯ ಎರಡೂ ಭುಜ ಮುಟ್ಟಿದವು, ಕಣ್ಣು ಮಿಟುಕಿಸುವಷ್ಟು ಹೊತ್ತು. ತೀರ್ಪುಗಾರ ಸಿದ್ದರಾಜುವಿನ ಅಗಲ ಬೆನ್ನಿನ ಹಿಂದಿದ್ದ, ಅವನಿಗೆ ಅದು ಕಾಣಲಿಲ್ಲ. ಇನ್ನಾಸಿ ಸರಕ್ಕನೆ ಹೊರಳಿ, ಮೇಲೆ ಹತ್ತಿ, ಸಿದ್ದರಾಜುವನ್ನು ನೆಲಕ್ಕೆ ಒತ್ತಿ ಹಿಡಿದ.

ಸೀಟಿ!

ಸಿದ್ದರಾಜು ಏನೋ ಕೂಗಿಕೊಂಡ. ಆ ಗದ್ದಲದಲ್ಲಿ ಕೇಳುವವರು ಯಾರು?

ಇನ್ನಾಸಿ ಬಹುಮಾನದ ಬೆಳ್ಳಿ ಗದೆ ಹೊತ್ತು ಹೊಳೆಯ ಮೆಟ್ಟಿಲಿಗೆ ಓಡಿಬಂದ. ಚೌರಪ್ಪನವರು ಅಲ್ಲಿ ಕೂತಿದ್ದರು.

"ಗೆದ್ದೆ ವಸ್ತಾದ್ರೇ! ಯೇಸುಸ್ವಾಮಿ ಗೆಲ್ಲಿಸ್ಬುಟ್ರು! ಅಷ್ಟೂ ಜನರ ಎದುರಿಗೆ!"

"ತಿರುಗು. ಬೆನ್ನು ತೊಳೀತೀನಿ."

ಗುರು ಶಿಷ್ಯನ ಬೆನ್ನು ತೊಳೆಯುವುದುಂಟೇ? ಇನ್ನಾಸಿ ನಾಚಿಕೊಂಡೇ ತಿರುಗಿ ಕೂತ. ವಸ್ತಾದರು ಬೊಗಸೆಯಲ್ಲಿ ನೀರು ತುಂಬಿಕೊಂಡರು. ನೀರು ಬೆನ್ನಿಗೆ ಬೀಳಲಿಲ್ಲ.

"ಏನಾಯ್ತು ವಸ್ತಾದ್ರೇ?"

"ಎರಡೂ ಭುಜದ ಹಿಂದೆ ಮಟ್ಟಿ ಒತ್ಕೊಂಡದೆ. ತೊಳೀಲಾ, ಬಿಡ್ಲಾ?"

ಇನ್ನಾಸಿಯ ನಗು ನಿಂತಿತು.

"ತೀರ್ಪು ಕೊಟ್ಟಾಯ್ತಲ್ಲ."

"ಹೂಂ."

"ಎಲ್ರೂ ಹಿಂಗೇ ಗೆಲ್ಲೋದು. ನನ್ ಜಾಗದಲ್ಲಿ ಸಿದ್ದರಾಜ ಇದ್ದಿದ್ರೂ ಬಾಯಿ ಬಿಡ್ತಿರ್ಲಿಲ್ಲ."

"ಹೂಂ."

"ಈಗ ಹೇಳಿದ್ರೆ ಗದೆ ಹೋಯ್ತದೆ. ಎಂಟು ವರ್ಷ ಬೆವರು ಸುರಿಸಿದ್ದು! ಜನ ಉಗೀತಾರೆ. ನಮ್ಮೋರ ಹೆಸರೂ ಹೋಯ್ತದೆ."

"ನೀರು ಸೋರ್ತಾ ಅದೆ. ಬೇಗ ಹೇಳು ಕಣ್ಲಾ."

ಇನ್ನಾಸಿ ಗದೆಯನ್ನು ನೋಡಿದ. ಆಮೇಲೆ ಅದನ್ನು ಎತ್ತಿಕೊಂಡು ಓಡಿದ, ಬಂದದ್ದಕ್ಕಿಂತ ಜೋರಾಗಿ.

ಅಖಾಡದ ನಡುವೆ ನಿಂತು ಜನರಿಗೆ ಬೆನ್ನು ತಿರುಗಿಸಿದ.

"ನೋಡಿ! ಎರಡೂ ಭುಜ ಮುಟ್ಟಿದ್ವು! ಮೊದ್ಲು ಚಿತ್ ಆದೋನು ನಾನು! ಗೆದ್ದೋನು ಸಿದ್ದರಾಜ!"

ತಮಟೆ ನಿಂತಿತು. ಯಾರೋ "ತಲೆ ಕೆಟ್ಟದೆ ಇವನಿಗೆ" ಅಂದರು. ಇನ್ಯಾರೋ ಕ್ಯಾಕರಿಸಿ ಉಗಿದರು. ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ ಸಿದ್ದರಾಜು ಎದ್ದು ಬಂದ. ಗದೆಯನ್ನು ನೋಡಲೇ ಇಲ್ಲ. ಇನ್ನಾಸಿಯನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತ.

ಇನ್ನಾಸಿ ಮತ್ತೆ ಮೆಟ್ಟಿಲಿಗೆ ಬಂದಾಗ ಕೈ ಖಾಲಿ. ಏದುಸಿರು, ಆದರೂ ನಗು.

"ಹೋಯ್ತು ವಸ್ತಾದ್ರೇ, ಗದೆ ಹೋಯ್ತು! ಉಗಿದ್ರೂ ಉಗಿದ್ರು! ಆದ್ರೂ ಯಾಕೋ ಕುಣೀಬೇಕು ಅನ್ನಿಸ್ತದೆ!"

ಚೌರಪ್ಪನವರು ಅವನನ್ನು ಕೂರಿಸಿ, ಬೊಗಸೆ ಬೊಗಸೆ ನೀರು ಸುರಿದು, ಬೆನ್ನ ಮೇಲಿನ ಮಟ್ಟಿಯನ್ನು ಪೂರಾ ತೊಳೆದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಈಗ ಹಾಕ್ಕೋ ಕಣ್ಲಾ, ಶಿಲುಬೆ ಗುರುತು."