ತಕ್ಕಡಿಗಲ್ಲು ಕೈಗಲ್ಲಾದ ಬಗೆ

ಕರಿಹಳ್ಳದ ಸೇತುವೆ ದಾಟಿ ಎರೆಹೊಲಗಳ ನಡುವೆ ಪೂರ್ವಕ್ಕೆ ಸಾಗಿದರೆ ಕೈಗಲ್ಲು ಸಿಗುತ್ತದೆ. ದೊಡ್ಡ ಊರೇನಲ್ಲ. ಬಸ್ಸು ನಿಲ್ಲುತ್ತದೆ, ಎರಡು ಚಹಾದಂಗಡಿ ಇವೆ, ಗೊಬ್ಬರದ ಅಂಗಡಿಯ ಮುಂದೆ ಹತ್ತಿ ತುಂಬಿದ ಲಾರಿಗಳು ನಿಂತಿರುತ್ತವೆ. ಸಂತೆಯ ಬಯಲಿನ ನಡುವೆ ಸೊಂಟದೆತ್ತರದ ಒಂದು ಚಪ್ಪಟೆ ಬಂಡೆಯಿದೆ. ಅದಕ್ಕೆ ಗುಡಿ ಕಟ್ಟಿಲ್ಲ, ಕುಂಕುಮ ಹಚ್ಚಿಲ್ಲ. ದೇವರೆಂದು ಯಾರೂ ಕೈಮುಗಿಯುವುದಿಲ್ಲ, ಆದರೆ ಅದರ ಮೇಲೆ ಕುಳಿತವರನ್ನೂ ಇದುವರೆಗೆ ಯಾರೂ ಕಂಡಿಲ್ಲ. ಹೊಸದಾಗಿ ಬಂದ ವ್ಯಾಪಾರಿ ಗೊತ್ತಿಲ್ಲದೆ ಅದರ ಮೇಲೆ ಗಂಟು ಇಳಿಸಿದರೆ, ಪಕ್ಕದವರು ಸದ್ದಿಲ್ಲದೆ ಬಂದು ಆ ಗಂಟನ್ನು ಕೆಳಗಿಟ್ಟು ಹೋಗುತ್ತಾರೆ.

ಹಿಂದೆ ಒಮ್ಮೆ, ಗುಡ್ಡಕ್ಕೊಬ್ಬ ಪಾಳೆಯಗಾರ ಕೂತು ಈ ಸೀಮೆಯನ್ನು ಹಂಚಿಕೊಂಡು ತಿನ್ನುತ್ತಿದ್ದ ಕಾಲದಲ್ಲಿ, ಇಲ್ಲಿ ಊರಿರಲಿಲ್ಲ, ಸಂತೆ ಮಾತ್ರ ಇತ್ತು ಎನ್ನುತ್ತಾರೆ. ಪಡುವಣ ಕಡಲಿನಿಂದ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬರುವವರೂ ಮೂಡಣದಿಂದ ಕುದುರೆ ಹೊಡೆದುಕೊಂಡು ಬರುವವರೂ ಇಲ್ಲಿ ಕೂಡುತ್ತಿದ್ದರು. ಉತ್ತರಕ್ಕೆ ಗುಂಡಲಗಡದ ಪಾಳೆಯ, ದಕ್ಷಿಣಕ್ಕೆ ಮಸರಕೋಟೆಯ ಪಾಳೆಯ. ನಡುವಿನ ಬಯಲು ಇಬ್ಬರದೂ ಅಲ್ಲ. ಇಬ್ಬರಿಗೂ ಉಪ್ಪು ಬೇಕು, ಆದ್ದರಿಂದ ಇಬ್ಬರೂ ಅದನ್ನು ಮುಟ್ಟುತ್ತಿರಲಿಲ್ಲ. ಧರ್ಮಕ್ಕಿಂತ ಗಟ್ಟಿಯಾದ ಕಾವಲು ಅದು. ಸಂತೆಯ ಯಜಮಾನಿಕೆ ಅಡಿವೆಪ್ಪ ಶೆಟ್ಟಿಯದು. ನಗುವುದನ್ನೂ ಅಳೆದು ನಗುವ ಮನುಷ್ಯ ಎಂದು ಅವನ ಹೆಸರು. ಆಗ ಈ ಬಂಡೆಯನ್ನು ತಕ್ಕಡಿಗಲ್ಲು ಎನ್ನುತ್ತಿದ್ದರು, ಏಕೆಂದರೆ ಸೇರು, ತಕ್ಕಡಿಗಳನ್ನು ಅದರ ಮೇಲಿಟ್ಟು ಪರೀಕ್ಷಿಸುತ್ತಿದ್ದರು. ಅಳತೆಯಲ್ಲಿ ಮೋಸವಾಯಿತೆಂದು ಅನ್ನಿಸಿದವರು ಅದೇ ಬಂಡೆಯ ಮೇಲೆ ಅಂಗೈ ಊರಿ ನಿಲ್ಲಬೇಕು. ಕೈ ಕಲ್ಲಿನ ಮೇಲಿರುವ ತನಕ ಇಡೀ ಸಂತೆಯಲ್ಲಿ ಒಂದು ತಕ್ಕಡಿಯೂ ಏಳಕೂಡದು, ಆಪಾದನೆ ಹೊತ್ತವನು ಬಯಲು ಬಿಟ್ಟು ಹೋಗಕೂಡದು. ಇಟ್ಟ ಕೈಯನ್ನು ಇಟ್ಟವರೇ ಎತ್ತಬೇಕು, ಬೇರೆಯವರು ಮುಟ್ಟುವಂತಿಲ್ಲ. ಒಬ್ಬನ ನಷ್ಟವನ್ನು ಎಲ್ಲರ ನಷ್ಟ ಮಾಡಿದರೆ ನ್ಯಾಯ ಬೇಗ ಸಿಗುತ್ತದೆ ಎಂಬುದನ್ನು ಹಳಬರು ಕಂಡುಕೊಂಡಿದ್ದರು.

ಆ ವರ್ಷ ಎರಡು ಪಾಳೆಯಗಳಿಗೂ ಯುದ್ಧ ಹತ್ತಿ ಮಸರಕೋಟೆಯವರು ಸೋತರು. ಗಡಿಯಲ್ಲಿದ್ದ ಬಣ್ಣದಹಾಳ ಎಂಬ ನೇಕಾರರ ಊರು ಗುಂಡಲಗಡದ ದಳವಾಯಿ ಕೆಂಚನಗೌಡನ ಕೈಗೆ ಬಿತ್ತು. ಕಾಳಗ ಮುಗಿದಿತ್ತು, ಊರಿನಲ್ಲಿ ಬಿಲ್ಲು ಹಿಡಿಯುವವನೊಬ್ಬನೂ ಉಳಿದಿರಲಿಲ್ಲ. ದಳವಾಯಿ ಡಂಗುರ ಹೊಡೆಸಿ, ಬರಿಗೈಯಲ್ಲಿ ಬಂದು ಅರಳೆಯ ಉಗ್ರಾಣ ಸೇರಿದವರಿಗೆ ಪ್ರಾಣಭಯವಿಲ್ಲ ಎಂದು ಸಾರಿಸಿದ. ಹಿರಿಯರಿಗೆ ಬಾಗಿಲಲ್ಲೇ ನಿಂತು ವೀಳ್ಯ ಕೊಟ್ಟ. ವೀಳ್ಯ ಕೊಟ್ಟ ಕೈ ಕತ್ತಿ ಎತ್ತುವುದಿಲ್ಲವೆಂದು ನಂಬಿ ಮುದುಕರು, ಹೆಂಗಸರು, ತೊಟ್ಟಿಲ ಮಕ್ಕಳು ಎಲ್ಲರೂ ಒಳಗೆ ಹೋದರು. ಆಮೇಲೆ ಅಗುಳಿ ಬಿತ್ತು, ಮಾಡಿಗೆ ಪಂಜು ಬಿತ್ತು. ಅರಳೆ ಹೊತ್ತಿಕೊಂಡರೆ ಎಷ್ಟು ಹೊತ್ತು ಬೇಕು? ಹಿಂಗೋಡೆ ಒಡೆದು ಮೈಯೆಲ್ಲ ಬೆಂಕಿಯಾಗಿ ಹೊರಬಿದ್ದವರನ್ನು ಈಟಿಗಳು ಎತ್ತಿ ಮತ್ತೆ ಒಳಗೆ ಎಸೆದವು. ಸಾಂತವ್ವ ಎಂಬ ಬಣ್ಣಗಾರ್ತಿ ಮಾತ್ರ ಉಳಿದಳು. ನೀಲಿಯ ಬಾನಿಯನ್ನು ತೆರೆದಿಟ್ಟರೆ ಹುಳಿತು ಕೆಟ್ಟುಹೋಗುತ್ತದೆಂದು, ಗಂಡನನ್ನೂ ಎರಡು ಮಕ್ಕಳನ್ನೂ ಮುಂದೆ ಕಳಿಸಿ ಅವಳು ಮುಚ್ಚಳ ಹಾಕಲು ಹಿಂದೆ ನಿಂತಿದ್ದಳು. ಕೂಗು ಕೇಳಿದಾಗ ಅದೇ ಬಾನಿಯೊಳಗೆ ಇಳಿದು, ಮೂಗು ಮಾತ್ರ ಮೇಲಿಟ್ಟುಕೊಂಡು ಕೂತಳು. ಕೇಳಿಸಿದ್ದನ್ನೆಲ್ಲ ಕೇಳಿದಳು.

ಅವಳು ಮೊದಲು ಹೋದದ್ದು ತನ್ನವರ ಬಳಿಗೇ. ಆ ಊರು ಈಗ ನಮ್ಮ ಗಡಿಯೊಳಗಿಲ್ಲ ಎಂದು ಮಸರಕೋಟೆಯವರು ಬಾಗಿಲು ಹಾಕಿಕೊಂಡರು. ಬಳಿಕ ಗುಂಡಲಗಡಕ್ಕೆ ಹೋದಳು. ಅಲ್ಲಿನ ಕರಣಿಕ ಎಲೆ ಅಡಿಕೆ ಅಗಿಯುತ್ತಲೇ, "ದಂಡಿನಾಗ ಆದದ್ದು ದಂಡಿನಾಗ ಮುಗೀತವ್ವಾ. ಆದ್ರೂ ಕೇಳ್ತೀನಿ, ನಿನ್ನ ಮಾತಿಗೆ ಸಾಕ್ಷಿ ಯಾರದಾರ?" ಎಂದ. "ಸಾಕ್ಷಿಗೋಳ್ನ ನೀವಽ ಸುಟ್ಟೀರಲ್ರಿ" ಎಂದಳು ಸಾಂತವ್ವ. ಕಾವಲಿನವರು ಈಟಿಯ ಹಿಂಬದಿಯಿಂದ ಅವಳ ಹಲ್ಲು ಮುರಿದು ಮೆಟ್ಟಿಲ ಕೆಳಗೆ ಉರುಳಿಸಿದರು. ಬೇಸಗೆ ಕಳೆದು, ಮಳೆಗಾಲವೂ ಕಳೆಯಿತು. ಮಾನೌಮಿಯ ಮುಂಚೆ ದಳವಾಯಿ ಕುದುರೆ ಕೊಳ್ಳಲು ಸಂತೆಗೆ ಬರುತ್ತಾನೆಂದು ಕೇಳಿ ಅವಳು ಈ ಬಯಲಿಗೆ ಬಂದಳು.

ಸಂತೆಗೆ ಬರುವವರು ಆಯುಧವನ್ನು ಸುಂಕದ ಕಟ್ಟೆಯಲ್ಲಿ ಬಿಟ್ಟು ಬರಬೇಕಿತ್ತು. ಅಡಿವೆಪ್ಪ ಶೆಟ್ಟಿ ಆ ದಿನ ದಳವಾಯಿಗೂ ಅವನ ಸವಾರರಿಗೂ ವಿನಾಯಿತಿ ಕೊಟ್ಟಿದ್ದ. ಇಷ್ಟು ಕುದುರೆ ಕೊಳ್ಳುವವನ ಸೊಂಟದ ಕತ್ತಿ ಬಿಚ್ಚಿಸಿ ಮನಸ್ಸು ಕೆಡಿಸುವುದೇಕೆ ಎಂಬುದು ಅವನ ಲೆಕ್ಕ. ಕುದುರೆಗಳ ಹಲ್ಲು ನೋಡುವುದು ನಡೆದಿದ್ದಾಗ ಸಾಂತವ್ವ ಜನರ ನಡುವಿನಿಂದ ಬಂದು ಬಲಗೈಯನ್ನು ಕಲ್ಲಿನ ಮೇಲಿಟ್ಟಳು. ಮೊಳಕೈತನಕ ನೀಲಿಗಟ್ಟಿದ ಕೈ. ಒಂದೊಂದಾಗಿ ತಕ್ಕಡಿಗಳು ಇಳಿದವು. ಶೆಟ್ಟಿ ಮೆಲ್ಲಗೆ ಬಂದು, "ಯಾರು ಏನು ಕಡಿಮಿ ಅಳೆದ್ರು ತಂಗೀ?" ಎಂದು ಕೇಳಿದ. ಅವಳು ದಳವಾಯಿಯತ್ತ ಗದ್ದ ತೋರಿಸಿ ಬಣ್ಣದಹಾಳದ ಹೆಸರು ಹೇಳಿದಳು. ಶೆಟ್ಟಿ ದಳವಾಯಿಯ ಕತ್ತಿಯತ್ತ ನೋಡಿ ದನಿ ತಗ್ಗಿಸಿದ. "ಇದು ಸೇರು ಪಾವಿನ ಜಗಳಕ್ಕ ಇರೋ ಕಲ್ಲವ್ವಾ. ಅದಕ್ಕೆಲ್ಲಾ ಅಲ್ಲ."

"ಸೇರು ಉಪ್ಪು ಕಡಿಮಿ ಬಂದ್ರ ಕೈ ಇಡಬೌದು, ಊರಿಗೂರಽ ಕಡಿಮಿ ಬಂದ್ರ ಇಡಬಾರದೇನ್ರೀ ಶೆಟ್ಟರ?"

ದಳವಾಯಿ ನಗುತ್ತ ಬಂದ. ಅವನಿಗೆ ಕಟ್ಟಳೆ ಗೊತ್ತಿತ್ತು, ಆದರೆ ಸಂತೆಯವರು ಅದನ್ನು ಅರ್ಥ ಮಾಡುವ ರೀತಿ ಗೊತ್ತಿರಲಿಲ್ಲ. ಕತ್ತಿ ಹಿರಿದು ಒಂದೇ ಏಟಿಗೆ ಅವಳ ಮಣಿಕಟ್ಟು ಕಡಿದ. ಸಾಂತವ್ವ ಹಿಂದಕ್ಕೆ ಬಿದ್ದಳು. ರಕ್ತ ಚಿಮ್ಮಿ ಶೆಟ್ಟಿಯ ಧೋತರ ನೆನೆಯಿತು. "ಈಗ ಬಿಡಿಸಿದಂಗಾತಲ್ಲ, ತಕ್ಕಡಿ ಎತ್ತಸ್ರಿ" ಎಂದ ದಳವಾಯಿ, ಕತ್ತಿಯನ್ನು ಕುದುರೆಯ ಬಾಲಕ್ಕೆ ಒರೆಸುತ್ತ. ವಡೆ ಮಾರುವವಳೊಬ್ಬಳು ಕಾದ ಎಣ್ಣೆಯ ಬಾಣಲೆಯನ್ನು ಹೊತ್ತು ತಂದು, ಕೂಗುತ್ತಿದ್ದ ಸಾಂತವ್ವನ ಮೋಟು ತೋಳನ್ನು ಅದರಲ್ಲಿ ಅದ್ದಿ ರಕ್ತ ನಿಲ್ಲಿಸಿದಳು. ಆ ವಾಸನೆಯಲ್ಲಿ ನಿಂತು ಅಡಿವೆಪ್ಪ ಶೆಟ್ಟಿ ಕಲ್ಲನ್ನು ನೋಡಿದ. ಬೆರಳು ಮಡಚಿಕೊಂಡ ಕೈ ಅಲ್ಲೇ ಇತ್ತು. ಅವನಿಗೆ ಕರುಣೆ ಉಕ್ಕಿತೆಂದು ಈ ಕಥೆಯನ್ನು ಹಾಡುವವರು ಹೇಳುತ್ತಾರೆ, ಅದು ಸುಳ್ಳು. ಅವನು ಯೋಚಿಸಿದ್ದು ಇಷ್ಟೇ: ಇಂದು ಹೂಂ ಎಂದರೆ, ನಾಳೆ ಕಳ್ಳ ಅಳತೆಯವರೆಲ್ಲ ಸೇರಿನ ಜೊತೆಗೆ ಮಚ್ಚನ್ನೂ ತರುತ್ತಾರೆ. ಅಂಥ ಸಂತೆಗೆ ಯಾರು ಎತ್ತು ಹೂಡಿಕೊಂಡು ಬರುತ್ತಾರೆ? ಕತ್ತಿಯನ್ನು ಒಳಗೆ ಬಿಟ್ಟವನು ತಾನೇ ಎಂಬುದೂ ಅವನಿಗೆ ಚುಚ್ಚುತ್ತಿತ್ತು.

"ಸರದಾರರ," ಎಂದ ಶೆಟ್ಟಿ, "ಹೆಣ್ಮಗಳು ಅತ್ಲಾಗ ಬಿದ್ದಾಳ. ಕೈ ಕಲ್ಲಿನ ಮ್ಯಾಲೇ ಐತಿ. ಅಕಿ ಎತ್ತಿಲ್ಲ. ನೀವು ಹೋಗಂಗಿಲ್ಲ."

ದಳವಾಯಿ ಕುದುರೆ ಏರಿದ. ಅವನ ಕತ್ತಿಗೆ, ಅಡ್ಡ ನಿಂತ ಇಬ್ಬರು ಉಪ್ಪಿನೆತ್ತಿನವರಲ್ಲಿ ಒಬ್ಬನ ಹೆಗಲು ಸೀಳಿತು, ಇನ್ನೊಬ್ಬ ಮುಖವೇ ಹೋಗಿ ಅಲ್ಲೇ ಸತ್ತ. ಅಷ್ಟರಲ್ಲಿ ಹೇರು ಬಿಗಿಯುವ ಹಗ್ಗಗಳು ನಾಲ್ಕೂ ಕಡೆಯಿಂದ ಹಾರಿ ಬಂದು ಕುದುರೆಯ ಕಾಲನ್ನೂ ಅವನ ಕುತ್ತಿಗೆಯನ್ನೂ ಸುತ್ತಿದವು. ಕೆಳಗೆ ಬಿದ್ದವನ ತೊಡೆಗಳನ್ನು ನೊಗದಿಂದ ಮುರಿದರು. ಕತ್ತಿ ಕಿತ್ತ ಸವಾರರ ತಲೆಗಳು ಅಲ್ಲೇ ಒಡೆದವು, ಉಳಿದವರು ಆಯುಧ ಚೆಲ್ಲಿ ಕೂತರು. ಮುರಿದ ದಳವಾಯಿಯನ್ನು ಬಂಡೆಗೆ ಒರಗಿಸಿ, ಮೋಟುಗೈಯ ಸಾಂತವ್ವನನ್ನು ಎದುರಿಗೆ ಕೂರಿಸಿದರು. ಅವಳು ಉಗ್ರಾಣದೊಳಗೆ ಹೋದವರ ಹೆಸರುಗಳನ್ನು ಮನೆಮನೆಯಂತೆ ಹೇಳುತ್ತ ಹೋದಳು. ಹೆಸರಿಲ್ಲದ ಹಸುಗೂಸಿನ ಪಾಲಿಗೆ ತಾಯಿಯ ಹೆಸರನ್ನೇ ಎರಡು ಸಲ ಹೇಳಿದಳು. ಸುಳ್ಳಾದರೆ ಸುಳ್ಳೆನ್ನಿ ಎಂದ ಶೆಟ್ಟಿ. "ಸುಳ್ಳಲ್ಲ," ಎಂದ ದಳವಾಯಿ, "ಆದರ ಹುಕುಂ ನಂದಲ್ಲ, ಗಡದ್ದು. ನೀರು ಕೊಡ್ರಿ." ಸತ್ತ ಉಪ್ಪಿನೆತ್ತಿನವನ ತಮ್ಮ, "ಉಪ್ಪು ತಿಂದವ ನೀರು ಕುಡೀಲೇಬೇಕು" ಎನ್ನುತ್ತ ತಂಬಿಗೆ ಕೊಟ್ಟ. ಕುಡಿದು ಮುಗಿಸಿದ ಮೇಲೆ ಅದೇ ನೊಗದಿಂದ ದಳವಾಯಿಯ ಕುತ್ತಿಗೆ ಮುರಿದ. ಶೆಟ್ಟಿ ತಡೆಯಲಿಲ್ಲ.

ಇನ್ನು ಕೈ ಎತ್ತು ತಾಯಿ ಎಂದು ಜನ ಕೇಳಿಕೊಂಡರು. ಸಾಂತವ್ವ ಒಪ್ಪಲಿಲ್ಲ. "ಇವ ಬರೇ ಕತ್ತಿ. ಹಿಡದವ ಗಡದಾಗ ಅದಾನ" ಎಂದಳು. ಆಗ ಅಡಿವೆಪ್ಪ ಶೆಟ್ಟಿ ಕಲ್ಲುಪ್ಪಿನ ಚೀಲವೊಂದನ್ನು ಬಿಚ್ಚಿ ಕೈಯ ಮೇಲೆ ಸುರಿದ. ಕೈ ಕೊಳೆತು ಉದುರಿ ಹೋದರೆ ಕಟ್ಟಳೆಯೇ ಉದುರುತ್ತದೆ ಎಂದು ಅವನಿಗೆ ಗೊತ್ತಿತ್ತು. ಆ ಕೈ ಏಳುವ ತನಕ ಇಲ್ಲಿಂದ ಒಂದು ಹರಳು ಉಪ್ಪೂ ಅಲುಗುವುದಿಲ್ಲವೆಂದು ಗುಂಡಲಗಡಕ್ಕೆ ಹೇಳಿ ಕಳಿಸಿದ. ಶೆಟ್ಟಿಯ ಹೆಂಡತಿಯ ತಮ್ಮ ರೇಗಿದ. "ಮಾವಾ, ಒಂದು ಸತ್ತ ಕೈ ಸಲುವಾಗಿ ಸಾವಿರ ಬಾಯಿ ಸಪ್ಪಗ ಮಾಡ್ತೀಯೇನು?" "ಹೂಂ. ಸಪ್ಪಗಾದ ಬಾಯೇ ಗಡದ ಬಾಗಿಲಾ ತೆಗಸೋದು." ಪಾಳೆಯಗಾರ ಮೊದಲು ಉತ್ತರ ಕೊಟ್ಟದ್ದು ಬೆಂಕಿಯಿಂದ. ಅವನ ಸವಾರರು ಬೆಳಗಿನ ಮಬ್ಬಿನಲ್ಲಿ ನುಗ್ಗಿ ಬಿಡಾರ ಸುಟ್ಟರು, ಎತ್ತುಗಳ ಹೊಟ್ಟೆ ಬಗೆದರು. ಕಲ್ಲನ್ನು ಕಾಯಲು ಅಡ್ಡ ನಿಂತವರಲ್ಲಿ ಅದೇ ರೇಗಿದ ಭಾವಮೈದುನನೂ ಸತ್ತ. ಆದರೆ ಹೆಣದ ಮೇಲೆ ಹೆಣ ಬಿದ್ದರೂ ಕಲ್ಲಿನ ಮೇಲಿನ ಉಪ್ಪಿನ ಗುಡ್ಡೆಯನ್ನು ಅವರಿಂದ ಮುಟ್ಟಲಾಗಲಿಲ್ಲ ಎನ್ನುತ್ತಾರೆ. ಸುದ್ದಿ ಕೇಳಿ ಕಡಲ ಕಡೆಯ ಹೇರುಗಳು ಬೇರೆ ದಾರಿ ಹಿಡಿದವು. ಗಡದಲ್ಲಿ ಗಂಜಿ ಸಪ್ಪೆಯಾಯಿತು, ಕುದುರೆಗಳು ಗೋಡೆ ನೆಕ್ಕತೊಡಗಿದವು. ಕೊನೆಗೆ ಅವನ ಸಿಪಾಯಿಗಳೇ ಪಾಳೆಯಗಾರನನ್ನು ಬರಿಗಾಲಲ್ಲಿ ನಡೆಸಿಕೊಂಡು ಬಂದು ಬಂಡೆಯ ಮುಂದೆ ನಿಲ್ಲಿಸಿದರು.

ಅವನು ನೀಲಿ ಕೈಯನ್ನು ನೋಡಿದ, ನೆರೆದ ಸಂತೆಯನ್ನು ನೋಡಿದ, "ಹುಕುಂ ನಂದು" ಎಂದ. ಸಾಂತವ್ವ ಅವನ ತಲೆ ಕೇಳಲಿಲ್ಲ. ಉಗ್ರಾಣದ ಬೂದಿಯಿಂದ ಎಲುಬುಗಳನ್ನು ಅವನೇ ತನ್ನ ಕೈಯಾರೆ ಆಯ್ದು ಮಣ್ಣು ಮಾಡಬೇಕು ಎಂದಳು. ಮಾಡಿದ. ಆ ಕೆಲಸ ಮುಗಿದ ಮೇಲೆ ಅವನು ಗಡಕ್ಕೆ ಮರಳಲಿಲ್ಲ. ಸಿಪಾಯಿಗಳು ದಾರಿಯಲ್ಲೇ ಕಡಿದರು ಎನ್ನುವವರಿದ್ದಾರೆ, ಬೈರಾಗಿಯಾದ ಎನ್ನುವವರೂ ಇದ್ದಾರೆ. ಕಡಿದರೆಂಬುದೇ ಹೆಚ್ಚು ನಂಬತಕ್ಕದ್ದು. ಮರುಸಂತೆಯ ದಿನ ಸಾಂತವ್ವ ಉಪ್ಪನ್ನು ಸರಿಸಿ, ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿಕೊಂಡು ಸೆರಗಿನಲ್ಲಿ ಸುತ್ತಿದಳು. ತಕ್ಕಡಿಗೆ ಕೈಹಾಕಿದ ಶೆಟ್ಟಿಯನ್ನು ತಡೆದು, "ನಂದು ಮುಗೀತ್ರಿ. ಕಲ್ಲಿನ ಮ್ಯಾಲೆ ಇಡಾಕ ಕೈಯಽ ಇಲ್ಲದಂಗ ಸುಟ್ಟುಹೋದವರದು ಮುಗದಿಲ್ಲ. ಅವರ್ನೂ ಕೇಳ್ರಿ" ಎಂದಳು. ಅಂದಿನಿಂದ ತಕ್ಕಡಿಗಲ್ಲು ಕೈಗಲ್ಲಾಯಿತು.

ಇಂದು ಬಂಡೆಯ ಮೇಲಿನ ಕಪ್ಪು ಮಚ್ಚೆಯನ್ನು ತೋರಿಸಿ ನೀಲಿಯ ಕಲೆ ಎನ್ನುವವರಿದ್ದಾರೆ. ಅದು ವಡೆಯಂಗಡಿಗಳ ಎಣ್ಣೆ ಜಿಡ್ಡು, ಸೀಗೆಪುಡಿ ಹಾಕಿ ಉಜ್ಜಿದರೆ ಹೋಗುತ್ತದೆ. ನೋಡಬೇಕಾದದ್ದು ಬೇರೆ. ಸೋಮವಾರ ಬೆಳಿಗ್ಗೆ ಕಾಯಿಪಲ್ಯದವರು, ಬಳೆಯವರು, ಮೊಬೈಲು ಕವರು ಮಾರುವವರು ಎಲ್ಲರೂ ಸರಕು ಹರವಿ ಸಿದ್ಧರಾದ ಮೇಲೂ ವ್ಯಾಪಾರ ಶುರುವಾಗುವುದಿಲ್ಲ. ಸಂತೆ ಗುತ್ತಿಗೆ ಹಿಡಿದವನು, ಯಾವ ಜಾತಿಯವನೇ ಆಗಲಿ, ಕಲ್ಲಿನ ಬಳಿ ಬಂದು ಬಣ್ಣದಹಾಳದ ದಿಕ್ಕಿಗೆ ಮುಖ ಮಾಡಿ, "ಯಾರದರ ದೂರು ಐತೇನ್ರೀ?" ಎಂದು ಕೇಳುತ್ತಾನೆ. ಆ ದಿಕ್ಕಿನಲ್ಲಿ ಈಗ ಜೋಳದ ಹೊಲಗಳಿವೆ. ಉತ್ತರ ಬರುವುದಿಲ್ಲ. ಬಂದರೂ ಬಂದೀತೆಂದು, ತಕ್ಕಡಿಗಳನ್ನು ನೆಲಕ್ಕಿಟ್ಟು ಎಲ್ಲರೂ ಸ್ವಲ್ಪ ಹೊತ್ತು ಕಾಯುತ್ತಾರೆ.