ಬೆನ್ನ ಹಿಂದೆ ಯಾರೂ ಇಲ್ಲ ಅಂದವನು

ಒಂದಾನೊಂದು ಕಾಲ ಅಂತಾರಲ್ಲ, ಅದಕ್ಕೂ ಆಚೆಗಿನ ಕಾಲ ಕಣವ್ವಾ. ಕಾಲು ಒಳಗೆ ಎಳ್ಕೋ, ಹೇಳ್ತೀನಿ. ಜಾಲಿಹಟ್ಟೀಲಿ ಚಿತ್ತವ್ವ ಅಂತ ಒಬ್ಬಳಿದ್ಳಂತೆ, ಗಂಡ ಸತ್ತೋಳು, ಕುರಿ ಕಾಯ್ಕೊಂಡೇ ಮೂರು ಗಂಡುಮಕ್ಕಳನ್ನ ಸಾಕಿದೋಳು. ಹಿರೇನು ಉಣ್ಣೆ ಕತ್ತರಿಸೋನು, ನಡುವಿನೋನು ಕಂಬಳಿ ನೇಯೋನು, ಕಿರೇನು ಕ್ಯಾತಣ್ಣ ಕುರಿ ಹಿಂದೆ ಅಲೆಯೋನು. ಹಿಂಗಿರೋವಾಗ ಕೆಂಗಲ್ಲುಕೋಟೆ ಪಾಳೇಗಾರ ಮನೆಗೊಬ್ಬ ದಂಡಿಗೆ ಬರಬೇಕು ಅಂತ ತಮಟೆ ಹೊಡೆಸಿದ್ನಂತೆ. ಹಿರೇನ ಹೆಂಡ್ತಿ ಬಸುರಿ, ನಡುವಿನೋನಿಗೆ ಕಾಲು ಕುಂಟು, ಅದಕ್ಕೆ ಕ್ಯಾತಣ್ಣನೇ ಹೊರಟ್ನಂತೆ.

ದಂಡಿನ ಪಾಳ್ಯ ಅಂದ್ರೆ ಕೋಟೆ ಹೊರಗೆ ಸಾಲು ಗುಡಿಸಲು, ನಡುವೆ ದೊಡ್ಡ ಬಯಲು, ಬಯಲ ಮೂಲೇಲಿ ಗರಡಿ. ಹೊಸಬರೇ ಮುನ್ನೂರು ಜನ. ಅವರನ್ನ ತಿದ್ದೋಕೆ ಬಿಲ್ಲಪ್ಪನಾಯ್ಕ ಅಂತ ಉಸ್ತಾದ, ಮೀಸೆ ಬೆಳ್ಳಗಾದ್ರೂ ಗಂಟಲು ಮಾತ್ರ ನಗಾರಿ. ಮೊದಲನೇ ದಿನ ಕ್ಯಾತಣ್ಣನ ಕೈಗೆ ಭರ್ಜಿ ಕೊಟ್ಟು ಬಾಗಿಲು ಕಾಯಿ ಅಂದ್ರಂತೆ. ಅವನಿಗೇನು ಗೊತ್ತು, ಕುರಿ ಕಾಯೋವಾಗ ನಿಲ್ಲೋ ಹಂಗೇ ಒಂದು ಕಾಲು ಮಡಚಿ ಇನ್ನೊಂದು ಮಂಡಿಗೆ ಆನಿಸಿ, ಭರ್ಜಿ ಕೋಲಿಗೆ ಗಲ್ಲ ಒರಗಿಸಿ ನಿಂತ್ಕೊಂಡ್ನಂತೆ. ಪೇಟೆ ಕಡೆಯೋನು ಸಿಂಗಣ್ಣ ಅಂತ ಒಬ್ಬ, ಬನ್ರೋ ಬನ್ರೋ, ಕೋಟೆ ಕಾಯೋಕೆ ಕೊಕ್ಕರೆ ಬಂದೈತೆ ಅಂತ ಕೂಗಿದ್ನಂತೆ. ಎರಡನೇ ದಿನ ಸಾಲಾಗಿ ಓಡಿಸಿದ್ರೆ, ಇವನು ತನಗೆ ಗೊತ್ತಿಲ್ಲದಂಗೆ ಎಲ್ಲರ ಹಿಂದಕ್ಕೆ ಬಂದು ಹುರ್ರೋ ಹುರ್ರೋ ಅಂತ ಅವರನ್ನ ಅಟ್ಟಿಕೊಂಡು ಬಂದ್ನಂತೆ. ಮೂರನೇ ದಿನ ಗರಡೀಲಿ ಕುಸ್ತಿ. ಎದುರಾಳಿ ಕಾಲು ಎಳೆದು, ಮಗ್ಗುಲಿಗೆ ಕೆಡವಿ, ಮೇಲೆ ಮಂಡಿ ಊರಿ ಕೂತ್ಬಿಟ್ನಂತೆ. ಗೆದ್ದಿದ್ದು ಅವನೇ ಕಣವ್ವಾ. ಆದ್ರೆ ಸಿಂಗಣ್ಣ, ತಡೀರೋ, ಈಗ ಉಣ್ಣೆ ಕತ್ತರಿಸ್ತಾನೆ ಅಂದ್ನಂತೆ. ಮುನ್ನೂರು ಜನವೂ ಹೊಟ್ಟೆ ಹಿಡ್ಕೊಂಡು ಬಿದ್ದು ಬಿದ್ದು ನಕ್ರಂತೆ. ಆವತ್ತಿಂದ ಅವನ ಹೆಸರೇ ಟಗರಯ್ಯ.

ಕ್ಯಾತಣ್ಣನಿಗೆ ಮೈಯೆಲ್ಲ ಹಿಡಿಯಷ್ಟಾಯ್ತಂತೆ. ಆಮೇಲೆ ಒಂದಿನ ಊಟಕ್ಕೆ ಕೂತಾಗ ಅಂದ್ನಂತೆ, ನಾನೇನು ಕುರಿ ಕಾಯೋನಲ್ಲ ಕಣ್ರೋ, ನಮ್ಮಪ್ಪ ಊರ ಗೌಡ. ಆಳುಗಳ ಜೊತೆ ಆಟ ಆಡ್ತಾ ಕಲ್ತಿದ್ದು ಇದೆಲ್ಲ. ಹಂಗಾದ್ರೆ ನಿಮ್ಮಪ್ಪ ಅವ್ವ ನೋಡೋಕೆ ಬರಲ್ವಾ ಅಂತ ಸಿಂಗಣ್ಣ ಕೇಳಿದ್ನಂತೆ. ಅಯ್ಯೋ, ಇಬ್ಬರೂ ತೀರ್ಕೊಂಡ್ರು ಅಂದ್ಬಿಟ್ನಂತೆ. ಅಷ್ಟೇ ನೋಡು, ಮಾರನೇ ದಿನದಿಂದ ಟಗರಯ್ಯ ಹೋಗಿ ಗೌಡ್ರೇ ಬನ್ನಿ, ಗೌಡ್ರೇ ಕೂತ್ಕೊಳ್ಳಿ. ಮುದ್ದೆ ಬಡಿಸೋರು ಮೊದಲು ಅವನ ತಾಟಿಗೇ ಇಕ್ಕೋರಂತೆ. ಆದ್ರೆ ಆ ಮುದ್ದೆ ಗಂಟಲಿಂದ ಕೆಳಗೆ ಇಳೀತಿರಲಿಲ್ವಂತೆ.

ಹಿಂಗೇ ಮೂರು ತಿಂಗಳಾಯ್ತು. ನಡುಕಟ್ಟೋ ದಿನ ಬಂತು. ಆ ಪಾಳ್ಯದ ಪದ್ಧತಿ ಏನಪ್ಪಾ ಅಂದ್ರೆ, ಹೊಸಬನ ನಡುವಿಗೆ ಕೆಂಪು ಪಟ್ಟಿ ಕಟ್ಟಿ ಕತ್ತಿ ಸಿಗಿಸೋದು ಪಾಳೇಗಾರನೂ ಅಲ್ಲ, ಉಸ್ತಾದನೂ ಅಲ್ಲ, ಅವನನ್ನ ಎತ್ತಿ ಆಡಿಸಿದ ಮನೆಯೋರು. ಯಾರೂ ಇಲ್ಲದೋನು ಸೂರ್ಯನ ಕಡೆ ಮುಖ ಮಾಡಿ, ನನ್ನ ಬೆನ್ನ ಹಿಂದೆ ಯಾರೂ ಇಲ್ಲ ಅಂತ ಮೂರು ಸಲ ಕೂಗಬೇಕು, ಆಗ ಉಸ್ತಾದ ಕಟ್ತಾನೆ. ಹಂಗೆ ಮೂರು ಸಲ ಕೂಗಿದೋನು ದಂಡಿನ ಮಗ, ಮತ್ತೆ ಜನ್ಮದಲ್ಲಿ ಮನೆ ಅನ್ನಂಗಿಲ್ಲ, ಅವ್ವ ಅನ್ನಂಗಿಲ್ಲ.

ಕ್ಯಾತಣ್ಣ ಊರಿಗೆ ಸುದ್ದಿ ಕಳಿಸಿರಲಿಲ್ಲ. ಆದ್ರೂ ಯಾರೋ ಹೇಳಿದ್ರಂತೆ, ಚಿತ್ತವ್ವ ಸಜ್ಜೆ ರೊಟ್ಟಿ ಬಡಿದು ಗಂಟು ಕಟ್ಕೊಂಡು ಮೂರು ದಿನ ನಡೆದು ಬಂದ್ಬಿಟ್ಳಂತೆ. ಬಯಲ ತುದೀಲಿ ನಿಂತು ಕ್ಯಾತಾ, ಲೋ ಕ್ಯಾತಾ ಅಂತ ಕೂಗ್ತಾ ಅವ್ಳೆ, ಕಾಲೆಲ್ಲ ಧೂಳು, ಸೀರೆ ತುಂಬ ಉಣ್ಣೆ. ಸಿಂಗಣ್ಣ ನೋಡ್ದ, ಗೌಡ್ರೇ, ಯಾರಿದು ಮುದುಕಿ, ನಿಮ್ಮನ್ನೇ ಕರೀತಾಳಲ್ಲ ಅಂದ. ಕ್ಯಾತಣ್ಣ ನೆಲ ನೋಡ್ತಾ, ನಮ್ಮ ಮನೆ ಆಳು ಕಣೋ, ಕುರಿ ಕಾಯೋಳು ಅಂದ್ನಂತೆ.

ಅಷ್ಟರಲ್ಲಿ ಹತ್ತಿರ ಬಂದಿದ್ದ ಅವಳ ಕಿವಿಗೆ ಇಬ್ಬರ ಮಾತೂ ಬಿತ್ತು. ಒಂದು ಗಳಿಗೆ ಮಗನ ಮುಖ ನೋಡಿದ್ಳಂತೆ, ಸಿಂಗಣ್ಣನ ಮುಖ ನೋಡಿದ್ಳಂತೆ. ಹೌದಪ್ಪಾ, ಗೌಡ್ರ ಮನೆ ಆಳು ನಾನು, ಚಿಕ್ಕಗೌಡ್ರಿಗೆ ರೊಟ್ಟಿ ಕೊಟ್ಟು ಹೋಗೋಣ ಅಂತ ಬಂದೆ ಅಂದ್ಳಂತೆ. ಅಂದು, ಗಂಟನ್ನ ಎರಡೂ ಕೈಲಿ ಹಿಡಿದು, ಆಳುಗಳು ಕೊಡೋ ಹಂಗೇ ಬಗ್ಗಿ ಕೊಟ್ಳಂತೆ.

ಏನು, ಬೈಲಿಲ್ವಾ ಅಂತೀಯಾ? ಇಲ್ಲ ಕಣವ್ವಾ. ಬೈದಿದ್ರೆ ಅವನು ಬದುಕ್ಕೊಳ್ತಿದ್ದ.

ಆಮೇಲೆ ಉಸ್ತಾದ ಅವನ ಹೆಸರು ಕೂಗಿ, ನಿನ್ನ ಕಡೆಯೋರು ಯಾರಪ್ಪಾ ಅಂದ್ನಂತೆ. ಚಿತ್ತವ್ವ ಮರೆತು ಒಂದು ಹೆಜ್ಜೆ ಮುಂದಿಟ್ಳು, ಅಲ್ಲೇ ನಿಂತ್ಳು. ಯಾರೂ ಇಲ್ಲ ಅಂದ ಕ್ಯಾತಣ್ಣ. ಹಂಗಾದ್ರೆ ಕೂಗು ಅಂದ್ರು. ಸೂರ್ಯನ ಕಡೆ ತಿರುಗಿ, ನನ್ನ ಬೆನ್ನ ಹಿಂದೆ ಯಾರೂ ಇಲ್ಲ ಅಂತ ಒಂದು ಸಲ ಕೂಗಿದ್ನಂತೆ. ಎರಡನೇ ಸಲವೂ ಕೂಗಿದ. ಅಷ್ಟರಲ್ಲಿ ಹಿಂದುಗಡೆ ಹೆಜ್ಜೆ ಸದ್ದು. ತಿರುಗಿ ನೋಡ್ತಾನೆ, ಅವಳು ಎದ್ದೂ ಬಿದ್ದೂ ಹೊರಟೇಬಿಟ್ಟವ್ಳೆ. ಯಾಕೆ ಗೊತ್ತಾ? ತಾನು ಅಲ್ಲೇ ನಿಂತಿದ್ರೆ ಸೂರ್ಯನ ಮುಂದೆ ಮಗನ ಮಾತು ಸುಳ್ಳಾಗುತ್ತಲ್ಲ ಅಂತ.

ಕ್ಯಾತಣ್ಣ ಓಡಿದ್ನಂತೆ. ಮುನ್ನೂರು ಜನದ ಕಣ್ಣೆದುರಿಗೆ ಓಡಿ ಹೋಗಿ ಧೂಳಲ್ಲಿ ಅವಳ ಕಾಲ ಮೇಲೆ ಬಿದ್ನಂತೆ. ಎದ್ದೇಳೋ, ಹೊಸ ಅಂಗಿ ಮಣ್ಣಾಗುತ್ತೆ ಅಂದ್ಳಂತೆ ಅವಳು. ಇವಳು ನಮ್ಮವ್ವ ಕಣ್ರೋ, ಕುರಿ ಕಾಯ್ತಾಳೆ, ನಾನೂ ಕುರಿ ಕಾಯೋನೇ ಅಂತ ಅವನು ಅತ್ಕೊಂಡು ಕೂಗಿದ. ಒಬ್ಬರೂ ನಗಲಿಲ್ಲ. ನಕ್ಕಿದ್ರೇ ವಾಸಿ ಅನ್ನಿಸ್ತಂತೆ ಅವನಿಗೆ.

ಉಸ್ತಾದ ಪಟ್ಟಿ ಮಡಚಿ ಪೆಟ್ಟಿಗೇಲಿಟ್ಟ. ಕುರಿ ಕಾಯೋದು ತಪ್ಪಲ್ಲ, ಸೂರ್ಯನಿಗೆ ಎರಡು ಸಲ ಸುಳ್ಳು ಕೂಗಿದೆಯಲ್ಲ, ಒಂದೊಂದಕ್ಕೆ ಆರಾರು ತಿಂಗಳು ಕುದುರೆ ಲದ್ದಿ ಬಾಚು, ಆಮೇಲೆ ಕತ್ತಿ ಅಂದ್ನಂತೆ. ಚಿತ್ತವ್ವ ಸೆರಗೊಡ್ಡಿ, ಒಡೆಯಾ, ಬರೋ ವರ್ಷಕ್ಕೆ ನಾನು ಇರ್ತೀನೋ ಇಲ್ವೋ, ಇವತ್ತೇ ಕಟ್ಬಿಡ್ತೀನಿ ಅಂದ್ಳಂತೆ. ನೀನಿರಬೇಕು ಅಂತ ನಿನ್ನ ಮಗ ಬೇಡ್ಕೊಳ್ಳಲಿ ತಾಯಿ ಅಂದ್ನಂತೆ ಉಸ್ತಾದ.

ಒಂದು ವರ್ಷ ಕ್ಯಾತಣ್ಣ ಲದ್ದಿ ಬಾಚಿದ. ದಿನಾ ಬೆಳಗ್ಗೆ ಸೂರ್ಯ ಹುಟ್ಟಿದ್ರೆ ಮುಖ ಎತ್ತೋಕಾಗದೆ, ನೆಲ ನೋಡ್ಕೊಂಡೇ ಅವ್ವ ಇರಲಿ ಅಂತ ಬೇಡ್ಕೊಳ್ಳೋನಂತೆ. ವರ್ಷ ತುಂಬಿದ ದಿನ ಮಧ್ಯಾಹ್ನ ಆದ್ರೂ ಅವಳು ಬರಲಿಲ್ಲ. ಅವನು ಬಯಲ ತುದಿಗೆ ಹೋಗಿ ದಾರಿ ನೋಡ್ತಾ ನಿಂತ. ಹೊತ್ತು ಇಳಿಯೋವಾಗ ಕೋಲೂರ್ಕೊಂಡು ಬಂದ್ಳಂತೆ, ಈ ಸಲ ಐದು ದಿನ ಹಿಡೀತಂತೆ ನಡೆಯೋಕೆ. ಅವಳು ಕಟ್ಟಿದ ಪಟ್ಟಿ ಗಂಟು ಒಂದು ಸಲ ಜಾರ್ತು, ಎರಡು ಸಲ ಜಾರ್ತು, ಮೂರನೇ ಸಲ ಬಿಗೀತು. ತಲೆ ಎತ್ತೋ, ಕತ್ತಿ ಕಟ್ಟಿದೋನು ಹಿಂಗಾ ನಿಲ್ಲೋದು ಅಂದ್ಳಂತೆ. ಇವತ್ತೊಂದಿನ ಹಿಂಗೇ ಇರ್ತೀನಿ ಬಿಡವ್ವಾ ಅಂದ್ನಂತೆ ಅವನು.

ಆಮೇಲೆ ಅವಳನ್ನ ವಾಪಸ್ಸು ಕಳಿಸಲಿಲ್ಲ, ಪಾಳ್ಯದ ಅಂಚಲ್ಲೇ ಒಂದು ಗುಡಿಸಲು ಹಾಕಿಕೊಟ್ನಂತೆ. ಸಿಂಗಣ್ಣನೂ ಅವ್ವಾ ರೊಟ್ಟಿ ಐತಾ ಅಂತ ಬರೋನಂತೆ. ಪ್ರತಿ ವರ್ಷ ದಂಡಿಗೆ ಹೊಸಬರು ಬಂದಾಗ ಕ್ಯಾತಣ್ಣ, ಯಾರೂ ಕೇಳೋಕೆ ಮುಂಚೇನೇ ಬೆರಳು ತೋರ್ಸಿ, ಅಗೋ ಅಲ್ಲಿ ಕೂತವ್ಳಲ್ಲ, ನಮ್ಮವ್ವ ಅಂತ ಹೇಳೋನಂತೆ. ಅಲ್ಲಿಗೆ ಈ ಕತೆ ಮುಗೀತು ಕಣವ್ವಾ, ಕಣ್ಣು ಮುಚ್ಕೋ.