ಬೋರ್ಡು ಬಿಚ್ಚಿದ ಬಸ್ಸು

"ಅಜ್ಜಾರ, ಮನಿ ಬಿಟ್ಟು ಬಂದೀನಿ. ಸ್ವಾಮಿ ಇನ್ನೂ ಆಗಿಲ್ಲ. ಈಗ ಮನಿಯವರು ಕರದರ ನಾ ಏನಾಗಿ ಹೋಗಲಿ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಚರಂತಯ್ಯ. ಬರುವ ಹುಣ್ಣಿಮೆಗೆ ಅವನಿಗೆ ಮಠದ ಪಟ್ಟವಾಗಬೇಕಿತ್ತು. ತಲೆ ಬೋಳಿಸಿಯಾಗಿತ್ತು, ಕಾವಿ ಉಡಿಸಿಯಾಗಿತ್ತು. ಹೊಸ ಹೆಸರೊಂದನ್ನು ಇಡುವುದು ಬಾಕಿ ಇತ್ತು.

ಅಂದು ಬೆಳಿಗ್ಗೆ ಅವನ ಅಕ್ಕನ ಗಂಡ ರಾಚಯ್ಯ ಬಂದು ಮಠದ ಅಗಸಿ ಬಾಗಿಲಿನ ಹೊರಗೆ ನಿಂತಿದ್ದ. ಅಕ್ಕ ಹಾಸಿಗೆ ಹಿಡಿದಿದ್ದಳು. ಇನ್ನು ಏಳುವ ಲಕ್ಷಣವಿರಲಿಲ್ಲ. ತಾಯಿಯಿಲ್ಲದ ಚರಂತಯ್ಯನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ತಮ್ಮನನ್ನು ಒಮ್ಮೆ ಕರೆದುಕೊಂಡು ಬಾ ಎಂದು ಗಂಡನನ್ನು ಕಳಿಸಿದ್ದಳು.

ಚರಂತಯ್ಯ ಹೊರಗೆ ಹೋಗಲಿಲ್ಲ. ಪಟ್ಟವಾದ ಮೇಲೆ ಬಂದು ಆಶೀರ್ವಾದ ಮಾಡುತ್ತೇನೆ ಎಂದು ಒಳಗಿನಿಂದಲೇ ಹೇಳಿ ಕಳಿಸಿದ. ರಾಚಯ್ಯ ಸರಿ ಎನ್ನಲಿಲ್ಲ, ಹೋಗಲೂ ಇಲ್ಲ. ಬಿಸಿಲೇರಿದರೂ ಅಲ್ಲಿಯೇ ನಿಂತಿದ್ದ.

"ತಮ್ಮ ಆಗಿ ಹೋಗೂಣಂದ್ರ ಆ ನಂಟು ಹರಕೊಂಡು ಬಂದೀನಿ. ಸ್ವಾಮಿ ಆಗಿ ಹೋಗೂಣಂದ್ರ ಇನ್ನೂ ಹುಣ್ಣಿಮಿ ಬಂದಿಲ್ಲ," ಎಂದ ಚರಂತಯ್ಯ. ಅವನ ಕಣ್ಣು ಕೆಂಪಾಗಿದ್ದವು. ಉತ್ತರ ಬೇಕೇ ಬೇಕೆಂದು ಬಂದಿದ್ದ.

ಗುರುಗಳು ಕೂರುವಂತೆ ಸನ್ನೆ ಮಾಡಿದರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಶೇಂಗಾ ಕೊಂಡು ಮಾರುವವನು. ತಕ್ಕಡಿಗೆ ಬೆರಳು ತಾಗಿಸದ, ಸುಳ್ಳು ಹೇಳದ ವ್ಯಾಪಾರಿ. ಅಂಥವರೂ ಇರುತ್ತಾರೆ, ನಗಬೇಡ.

ಅವನ ಊರಿನ ದೇವರು ಇರುವುದು ಗುಡ್ಡದ ಮೇಲೆ. ಮೆಟ್ಟಿಲು ಬಹಳ ಕಡಿದು. ವ್ಯಾಪಾರಿಯ ತಾಯಿಗೆ ವಯಸ್ಸಾಗಿ ಮೊಣಕಾಲು ಹೋದವು. "ಒಂದ್ಸಲ ಮುಖಾ ತೋರಸಪಾ," ಎಂದು ಮಗನನ್ನು ಕೇಳುತ್ತಿದ್ದಳು. ದೇವರ ಮುಖ. ಸುಗ್ಗಿ ಮುಗಿಯಲಿ, ಡೋಲಿ ಕಟ್ಟಿಸಿ ಹೊತ್ತು ಒಯ್ಯುತ್ತೇನೆ ಎಂದು ಮಗ ಹೇಳುತ್ತಿದ್ದ. ಸುಗ್ಗಿ ಮುಗಿಯಿತು. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದಳು.

ಅದು ಅವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಊಟಕ್ಕೆ ಕೂತರೆ ನೆನಪು, ಮಲಗಿದರೆ ನೆನಪು. ಕೊನೆಗೊಂದು ಹರಕೆ ಹೊತ್ತ. ಗುಡ್ಡ ಹತ್ತಲಾರದವರ ಬಾಗಿಲಿಗೆ ದೇವರನ್ನೇ ಒಯ್ಯಬೇಕು. ಒಂದು ಹಳೆಯ ಬಸ್ಸು ಕೊಳ್ಳಬೇಕು. ಸೀಟು ಕಿತ್ತು ಒಳಗೆ ಗರ್ಭಗುಡಿ ಕಟ್ಟಿಸಬೇಕು. ದೇವರ ಬೆಳ್ಳಿಯ ಮುಖವನ್ನು ಅದರಲ್ಲಿ ಕೂರಿಸಿ ಊರೂರು ತಿರುಗಬೇಕು. ತನ್ನ ತಾಯಿಗಾದದ್ದು ಇನ್ನೊಬ್ಬರ ತಾಯಿಗೆ ಆಗಬಾರದು.

ಒಳ್ಳೆಯ ಸಂಕಲ್ಪ. ಇದರಲ್ಲಿ ನಾನು ಹುಳುಕು ಹುಡುಕುವುದಿಲ್ಲ. ಆ ಮನುಷ್ಯ ಕೆಟ್ಟವನಾಗಿದ್ದರೆ ಈ ಕತೆ ನಿನಗೆ ಹೇಳುತ್ತಲೇ ಇರಲಿಲ್ಲ.

ಬೇರೆ ಊರಿನಲ್ಲಿ ಬಸ್ಸಿನ ಮಾಲೀಕನೊಬ್ಬ ತನ್ನ ಹಳೆಯ ಬಸ್ಸನ್ನು ಮಾರಲು ನಿಲ್ಲಿಸಿದ್ದ. ಹಳ್ಳಿಯ ದಾರಿಯಲ್ಲಿ ದಿನವೂ ಹೋಗಿ ಬಂದು ಸವೆದ ಬಸ್ಸು. ವ್ಯಾಪಾರಿ ಮಾತು ಮುಗಿಸಿ, ಒಳ್ಳೆಯ ದಿನ ನೋಡಿ, ತರಲು ಹೋದ. ತೆಂಗಿನಕಾಯಿ, ನಿಂಬೆಹಣ್ಣು, ಅರಿಸಿನ, ಕುಂಕುಮ, ಒಂದು ಕೊಡ ಹೊಳೆಯ ನೀರು, ಪೂಜೆಯ ಕಳಸ ಜೊತೆಗೆ ಒಯ್ದಿದ್ದ.

ಮೊದಲು ಬಸ್ಸನ್ನು ಒಳಗೂ ಹೊರಗೂ ತೊಳೆಸಿದ. ಬೀಡಿಯ ಹೊಗೆ, ಎಲೆಯಡಿಕೆಯ ಕಲೆ, ಮಕ್ಕಳು ಕಕ್ಕಿದ್ದು, ಎಲ್ಲ ಹೋಗಬೇಕು. ಸೀಟುಗಳ ಕೆಳಗೆ ಶೇಂಗಾ ಸಿಪ್ಪೆ ಬಿದ್ದಿತ್ತು. ಅದನ್ನು ಕಂಡು ಮಾತ್ರ ಸ್ವಲ್ಪ ನಕ್ಕ. ತನ್ನ ಅಂಗಡಿಯ ಶೇಂಗಾ ಇದ್ದರೂ ಇರಬಹುದು ಎಂದುಕೊಂಡ. ಆಮೇಲೆ ಹೊಳೆಯ ನೀರು ಚಿಮುಕಿಸಿದ. ಗಾಲಿಗೊಂದು ನಿಂಬೆಹಣ್ಣು ಇಟ್ಟ. ಕಾಯಿ ಒಡೆದ.

ಮಾಲೀಕ ಬಸ್ಸಿನ ನೆತ್ತಿಯ ಮೇಲಿದ್ದ ಬೋರ್ಡು ಬಿಚ್ಚಿಕೊಂಡ. ಆ ದಾರಿಯ ಊರುಗಳ ಹೆಸರನ್ನು ಬರೆಸಿದ ಬೋರ್ಡು ಅದು.

"ಬಸ್ಸು ನಿಮ್ಮದಾತ್ರಿ. ದಾರಿ ನಂದು," ಎಂದ. "ಇದರ ಬದಲಿ ಇನ್ನೊಂದು ಬಸ್ಸು ಬರೂದೈತಿ. ಅದು ಬರೂತನಕ ಜನಾ ನನ್ನ ಬೈತಾರ. ಬೈಲಿ."

ಆ ಬಸ್ಸಿನ ಗೇರು ಹಟಮಾರಿ. ಹೊಸ ಕೈಗೆ ಬಗ್ಗುವುದಿಲ್ಲ. ಅದಕ್ಕಾಗಿ ಮಾಲೀಕ ಅದನ್ನು ಇಷ್ಟು ಕಾಲ ನಡೆಸಿದ ಡ್ರೈವರನನ್ನೇ, ಊರು ಮುಟ್ಟಿಸಿ ಬಾ ಎಂದು ಕಳಿಸಿಕೊಟ್ಟ.

ವ್ಯಾಪಾರಿ ಮುಂದಿನ ಸೀಟಿನಲ್ಲಿ ಕೂತ. ತೊಡೆಯ ಮೇಲೆ ಕಳಸ. ಊರಿನ ಪೂಜಾರಿ ಅವನಿಗೆ ಹೇಳಿ ಕಳಿಸಿದ್ದ: ನೀರು ಬಿಟ್ಟ ಮೇಲೆ ಅದು ದೇವರ ಪಾಲು, ಊರು ಮುಟ್ಟುವವರೆಗೆ ಯಾರ ಮೈಲಿಗೆಯೂ ತಾಗಬಾರದು. ವ್ಯಾಪಾರಿ ಆ ಮಾತನ್ನು ಸೆರಗಿನ ಗಂಟಿನಂತೆ ಭದ್ರವಾಗಿ ಹಿಡಿದಿದ್ದ.

ಅವನ ಊರಿಗೆ ಹೋಗಲು ಇದ್ದುದು ಒಂದೇ ದಾರಿ. ಬಸ್ಸು ದಿನವೂ ಓಡಾಡಿದ ದಾರಿ.

ಮೊದಲ ಊರಿನ ಕಟ್ಟೆಯ ಹತ್ತಿರ ನಾಲ್ಕಾರು ಜನ ಬಸ್ಸು ನಿಲ್ಲಿಸಲು ಕೈ ಮಾಡಿದರು. ತಡವಾಗಿ ಬಂತೆಂದು ಬೈಯಲು ಬಾಯಿ ಸಜ್ಜು ಮಾಡಿಕೊಂಡೇ ನಿಂತಿದ್ದರು. ಬಸ್ಸು ನಿಧಾನವಾಯಿತು.

"ಯಾಕ?" ಎಂದ ವ್ಯಾಪಾರಿ.

"ತಪ್ಪಾತ್ರಿ ಸಾವ್ಕಾರ್ರ. ಕೈ ಕಂಡಕೂಡ್ಲೆ ಕಾಲು ಬ್ರೇಕಿನ ಮ್ಯಾಲ ತಾನ ಹೋಗತೈತ್ರಿ."

"ಇನ್ನ ಇದು ಬಸ್ಸಲ್ಲ. ನಡಿ."

ಬಸ್ಸು ನಿಲ್ಲದೆ ಹೋಯಿತು. ಹಿಂದಿನಿಂದ ಯಾರೋ ಒಬ್ಬ ಡ್ರೈವರನ ಮನೆತನವನ್ನೇ ಎತ್ತಿ ಬೈದ.

ಮುಂದಿನ ಊರಿನಲ್ಲಿ ಸಂತೆಯ ಬುಟ್ಟಿ ಹೊತ್ತ ಹೆಂಗಸರು ಕೈ ಮಾಡಿದರು. ಅದರಾಚೆ ಶಾಲೆಯ ಹುಡುಗಿಯರು. ಒಬ್ಬಳು ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿ ಬಂದಳು. ವ್ಯಾಪಾರಿ ಮೊದಮೊದಲು ಕಿಟಕಿಯಿಂದ ಕೈಯಾಡಿಸಿ, ಇಲ್ಲ ಇಲ್ಲ ಎಂದು ತಿಳಿಸುತ್ತಿದ್ದ. ಒಬ್ಬೊಬ್ಬರಿಗೂ ತಿಳಿಸಿ ಹೇಳಲು ಆಗುತ್ತದೆಯೇ? ಆಮೇಲೆ ಕಿಟಕಿ ಮುಚ್ಚಿ ಕಳಸವನ್ನೇ ನೋಡುತ್ತ ಕೂತ. ಗುಡಿಯಾಗಿ ಬಂದಾಗ ಇವರೇ ಕೈ ಮುಗಿಯುತ್ತಾರೆ ಎಂದು ಸಮಾಧಾನ ಮಾಡಿಕೊಂಡ.

ಒಂದು ಬೇವಿನ ಮರ ಬಂತು. ಅಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಒಬ್ಬಳೇ. ಬಸ್ಸು ಕಂಡದ್ದೇ ಎರಡೂ ಕೈ ಎತ್ತಿ ದಾರಿಯ ನಡುವೆ ಬಂದಳು. ಡ್ರೈವರ್ ನಿಲ್ಲಿಸಲೇಬೇಕಾಯಿತು.

ಮುದುಕಿ ಬಾಗಿಲಿಗೆ ಬಂದು ಹಿಡಿಕೆ ಹಿಡಿದಳು.

"ಬಾಗ್ಲಾ ತಗೀರಿ. ಮಗಳು ಹೋಗ್ಯಾಳ್ರಿ. ಹೊತ್ತು ಮುಳಗೂದರಾಗ ಮಣ್ಣು ಮಾಡತಾರಂತ. ಒಂದ್ಸಲ ಮುಖಾ ನೋಡಬೇಕ್ರಿ."

ಮಗಳನ್ನು ಕೊಟ್ಟ ಊರು ಅದೇ ದಾರಿಯಲ್ಲಿ ಮುಂದೆ ಇತ್ತು. ಹಬ್ಬಕ್ಕೆ, ಬಾಣಂತನಕ್ಕೆ, ಸುಮ್ಮನೆ ನೋಡಿ ಬರಲಿಕ್ಕೆ, ಪ್ರತಿ ಸಲವೂ ಮುದುಕಿ ಹೋಗುತ್ತಿದ್ದುದು ಇದೇ ಬಸ್ಸಿನಲ್ಲಿ. ಅವಳು ಡ್ರೈವರನ ಮುಖ ನೋಡಿದಳು. ಡ್ರೈವರ್ ವ್ಯಾಪಾರಿಯ ಮುಖ ನೋಡಿದ.

ವ್ಯಾಪಾರಿಗೆ ಅಯ್ಯೋ ಎನಿಸಿತು. ಎನಿಸಲಿಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ಆದರೆ ಅವಳು ಸಾವಿನ ಸೂತಕದ ಹೆಂಗಸು. ಅವನ ಕೈಯಲ್ಲಿ ಕಳಸ. ಎದ್ದು ಬಾಗಿಲಿನವರೆಗೆ ಬಂದ. ಚಿಲಕ ತೆಗೆಯಲಿಲ್ಲ.

"ಇದು ಬಸ್ಸಲ್ಲವ್ವಾ. ದೇವರಿಗೆ ಬಿಟ್ಟದ್ದು. ಗುಡಿ ಆಗೂದೈತಿ," ಎಂದ.

ಮುದುಕಿ ಬಸ್ಸನ್ನು ಮುಂದಿನಿಂದ ಹಿಂದಿನವರೆಗೆ ಒಮ್ಮೆ ನೋಡಿದಳು.

"ಗುಡಿ ಆದರ ಇಲ್ಲೇ ಕೈ ಮುಗೀತೀನಿ. ಬಸ್ಸಾದರ ಹತ್ತತೀನಿ. ಯಾವುದಂತ ಹೇಳ್ರಿ."

ವ್ಯಾಪಾರಿ ಸುಳ್ಳು ಹೇಳುವವನಲ್ಲ ಎಂದೆನಲ್ಲ. ಗುಡಿ ಎನ್ನೋಣವೆಂದರೆ ಒಳಗೆ ದೇವರಿಲ್ಲ. ಬಸ್ಸು ಎನ್ನೋಣವೆಂದರೆ ಬೋರ್ಡಿಲ್ಲ.

"ಈಗ ಎರಡೂ ಅಲ್ಲವ್ವಾ," ಎಂದ.

ಹಿಂದೆ ಇನ್ನೊಂದು ಬಸ್ಸು ಬರುತ್ತದೆ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಆ ದಾರಿಯ ಬಸ್ಸು ತಾನು ಕೂತದ್ದೇ ಎಂದು ಅವನಿಗೆ ಗೊತ್ತಿತ್ತು.

ಮುದುಕಿ ಹಿಡಿಕೆಯನ್ನು ತಾನಾಗಿ ಬಿಡಲಿಲ್ಲ. ಬಸ್ಸು ಮೆಲ್ಲಗೆ ಸರಿಯಿತು. ಅವಳು ನಾಲ್ಕು ಹೆಜ್ಜೆ ಜೊತೆಗೆ ಬಂದಳು. ಆಮೇಲೆ ಕೈ ಕಳಚಿಕೊಂಡಿತು.

ಸ್ವಲ್ಪ ಹೊತ್ತಿಗೆ ಆ ಮಗಳ ಊರು ಬಂತು. ಸಾವಿನ ಹಲಗೆ ಬಾರಿಸುತ್ತಿದ್ದರು. ಒಂದು ಮನೆಯ ಮುಂದೆ ಜನ ಸೇರಿದ್ದರು. ಬಸ್ಸು ಕಂಡು ಒಬ್ಬ ಗಂಡಸು ದಾರಿಗೆ ಬಂದು, ಬಾಗಿಲಿನ ಕಡೆ ಕತ್ತೆತ್ತಿ ನೋಡಿದ. ಯಾರೋ ಇಳಿಯುವವರಿದ್ದಾರೆ ಎಂದು ಕಾದವನಂತೆ ನೋಡಿದ. ಬಸ್ಸು ಆ ಊರಿನ ನಡುವೆಯೇ ಹಾದು ಹೋಯಿತು. ಎಲ್ಲ ಸೀಟೂ ಖಾಲಿ ಇದ್ದವು.

ವ್ಯಾಪಾರಿಯ ಊರಿನಲ್ಲಿ ಆರತಿ ಹಿಡಿದು ಕಾಯುತ್ತಿದ್ದರು. ದಾರಿಯಲ್ಲಿ ಏನೂ ತಾಗಲಿಲ್ಲವಷ್ಟೇ ಎಂದು ಪೂಜಾರಿ ಕೇಳಿದ. ಏನೂ ತಾಗಲಿಲ್ಲ ಎಂದ ವ್ಯಾಪಾರಿ. ಡ್ರೈವರ್ ಕೀಲಿಕೈ ಅವನ ಕೈಗಿಟ್ಟು, ಕೊಟ್ಟ ಎಲೆಯಡಿಕೆ ಹಾಕಿಕೊಳ್ಳದೆ ಕಿಸೆಯಲ್ಲಿಟ್ಟುಕೊಂಡು ಹೋದ.

ಬಡಿಗರು ಬಂದರು. ಸೀಟು ಕಿತ್ತರು. ತೇಗದ ಹಲಗೆಯ ಗರ್ಭಗುಡಿ ಕಟ್ಟಿದರು. ಕಂಡಕ್ಟರ್ ಎಳೆಯುತ್ತಿದ್ದ ಗಂಟೆಯ ಹಗ್ಗ ಬಿಚ್ಚಿ, ಆ ಜಾಗದಲ್ಲಿ ಪೂಜೆಯ ಗಂಟೆ ತೂಗುಹಾಕಿದರು. ಬೋರ್ಡಿದ್ದಲ್ಲಿ ದೇವರ ಹೆಸರು ಬರೆಸಿದರು. ಬೆಳ್ಳಿಯ ಮುಖ ಒಳಗೆ ಕೂತಿತು. ಈಗ ಅದನ್ನು ಯಾರು ಕಂಡರೂ ಗುಡಿಯೇ ಎನ್ನುವಂತಾಯಿತು.

ಗುಡಿ ಊರೂರು ತಿರುಗಿತು. ಕಾಲಿಲ್ಲದವರು, ಕಣ್ಣು ಮಂಜಾದವರು, ಹಾಸಿಗೆ ಹಿಡಿದವರು ದೇವರನ್ನು ಕಂಡು ಅತ್ತರು. ಆ ಪುಣ್ಯ ಸುಳ್ಳಲ್ಲ. ವ್ಯಾಪಾರಿಯೂ ಅವರ ಜೊತೆ ಅಳುತ್ತಿದ್ದ. ಪ್ರತಿಯೊಬ್ಬ ಮುದುಕಿಯಲ್ಲೂ ತಾಯಿಯನ್ನು ಕಾಣುತ್ತಿದ್ದ.

ಹೀಗೆ ತಿರುಗುತ್ತ ಗುಡಿ ಆ ಬೇವಿನ ಮರದ ಹತ್ತಿರ ಬಂದು ನಿಂತಿತು. ಜನ ಸಾಲು ಹಚ್ಚಿದರು. ಮುದುಕಿ ಸಾಲಿನಲ್ಲಿ ಇರಲಿಲ್ಲ. ಆಚೆ ನಿಂತಿದ್ದಳು. ವ್ಯಾಪಾರಿ ಅವಳನ್ನು ಗುರುತು ಹಿಡಿದ. ಅವಳ ಮುಖವನ್ನು ಅವನು ಮರೆತಿರಲಿಲ್ಲ. ತಾನೇ ಕೆಳಗಿಳಿದು ಅವಳ ಹತ್ತಿರ ಹೋದ.

ಅಂದು ಮುದುಕಿ ನಡೆದೇ ಹೋಗಿದ್ದಳು. ಅವಳು ಮುಟ್ಟುವಷ್ಟರಲ್ಲಿ ಕುಣಿಗೆ ಮಣ್ಣು ಎಳೆದು ಮುಗಿದಿತ್ತು. ಜನ ಅದನ್ನು ವ್ಯಾಪಾರಿಗೆ ಆಗಲೇ ಹೇಳಿದ್ದರು.

"ಬಾರವ್ವಾ, ಒಳಗ ಬಾ. ದೇವರ ಮುಖಾ ನೋಡು," ಎಂದ. ಕೈ ಹಿಡಿದು ಹತ್ತಿಸಲು ಕೈ ಮುಂದೆ ಚಾಚಿದ.

"ಈಗ ಗುಡಿ ಆತೇನ್ರಿ?"

"ಆತವ್ವಾ."

ಮುದುಕಿ ಚಪ್ಪಲಿ ಬಿಟ್ಟಳು. ನಿಂತಲ್ಲಿಂದಲೇ ಕೈ ಮುಗಿದಳು. ಗುಡಿಯಾದರೆ ಕೈ ಮುಗಿಯುತ್ತೇನೆ ಎಂದು ಅಂದು ಹೇಳಿದ್ದಳಲ್ಲ, ಆ ಮಾತನ್ನು ನಡೆಸಿಕೊಟ್ಟಳು. ಅವಳಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವ್ಯಾಪಾರಿ ಹೇಗಾದರೂ ತಡೆದುಕೊಳ್ಳುತ್ತಿದ್ದ.

"ಒಳಗ ಬಾರವ್ವಾ," ಎಂದ ಮತ್ತೊಮ್ಮೆ. ಈ ಸಲ ಅದು ಬೇಡುವವನ ದನಿಯಾಗಿತ್ತು.

"ನಾ ನೋಡಬೇಕಂದಿದ್ದ ಮುಖಾ ಇದರಾಗ ಇಲ್ಲರಿ," ಎಂದಳು ಮುದುಕಿ. ಚಪ್ಪಲಿ ಮೆಟ್ಟಿಕೊಂಡು ಮನೆಯ ಕಡೆ ಹೋದಳು.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಚರಂತಯ್ಯ ಕೇಳಿದ.

"ಆಮ್ಯಾಲ ಆ ವ್ಯಾಪಾರಿ ಏನ್ ಮಾಡಿದ್ರಿ, ಅಜ್ಜಾರ?"

ಗುರುಗಳು ಅಗಸಿಯ ಕಡೆ ನೋಡಿದರು.

"ವ್ಯಾಪಾರಿದು ಇರಲಿ ಚರಂತಯ್ಯಾ, ಹೊರಗ ರಾಚಯ್ಯ ಇನ್ನೂ ಕೈ ಮಾಡಿ ನಿಂತಾನ."